ದೀಪ ಹಾಕಿದ ಮೇಲೆ ಪಾಠ

ಕ್ರಿಸ್ತೀಯ ಧರ್ಮಬೋಧೆಯ ತರಗತಿಗಳಲ್ಲಿ ಚಲನಚಿತ್ರ ತೋರಿಸುವ ಕ್ರಮ ಹೊಸತಲ್ಲ. ಲೂಕನ ಸುವಾರ್ತೆಯನ್ನು ಆಧರಿಸಿ 1979ರಲ್ಲಿ ತೆರೆಕಂಡ ‘ಜೀಸಸ್’ ಚಿತ್ರ ಕನ್ನಡವೂ ಸೇರಿದಂತೆ ಸಾವಿರಕ್ಕೂ ಮಿಕ್ಕ ಭಾಷೆಗಳನ್ನಾಡಿದೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಚಿತ್ರ ಹಾಕಿ, ಮುಗಿದೊಡನೆ ಮಕ್ಕಳನ್ನು ಮನೆಗೆ ಕಳುಹಿಸಿದರೆ ಅದು ಉಪದೇಶಕರಿಗೆ ಸಿಕ್ಕ ಎರಡು ಗಂಟೆಯ ಬಿಡುವು, ಅಷ್ಟೆ.

ಯೇಸುಸ್ವಾಮಿಯ ಚರಿತ್ರೆಯ ಚಿತ್ರವೇ ಆಗಬೇಕೆಂದೂ ಇಲ್ಲ. (2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರದ ಚಾಟಿಯೇಟಿನ ದೃಶ್ಯ ಎಳೆಯರಿಗೆ ತಕ್ಕುದಲ್ಲ.) ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕಾದಂಬರಿ 1950ರಲ್ಲಿ ತಮಿಳಿನಲ್ಲಿ ‘ಏಳೈ ಪಡುಂ ಪಾಡು’ ಆಯಿತು, 2012ರಲ್ಲಿ ಇಂಗ್ಲಿಷಿನಲ್ಲಿ ಹಾಡುಗಳ ಚಿತ್ರವಾಗಿ ಬಂತು. ಈ ಇಂಗ್ಲಿಷ್ ಚಿತ್ರ ಎರಡೂವರೆ ಗಂಟೆಗೂ ಮೀರಿದ್ದು. ಪೂರ್ತಿ ತೋರಿಸುವ ಅಗತ್ಯವಿಲ್ಲ, ಆರಂಭದ ಭಾಗ ಸಾಕು.

ರೊಟ್ಟಿ ಕದ್ದ ತಪ್ಪಿಗೆ ಸೆರೆಮನೆ ಸೇರಿ, ಓಡಿಹೋಗಲು ಯತ್ನಿಸಿ ಶಿಕ್ಷೆ ಬೆಳೆದು, 19 ವರ್ಷಗಳ ಬಳಿಕ ಹೊರಬಂದವನಿಗೆ ಎಲ್ಲಿಯೂ ಜಾಗವಿಲ್ಲ. ಬಿಷಪರೊಬ್ಬರು ಊಟವಿಕ್ಕಿ ಮಲಗಲು ಹಾಸಿಗೆ ಕೊಡುತ್ತಾರೆ. ಅವನೋ ರಾತ್ರಿಯೇ ಅವರ ಬೆಳ್ಳಿ ಸಾಮಾನು ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪರು, ಅದು ತಾವೇ ಕೊಟ್ಟದ್ದೆಂದು ಹೇಳಿ, ಬಿಟ್ಟುಹೋದ ಬೆಳ್ಳಿಯ ದೀಪಸ್ತಂಭಗಳನ್ನೂ ಅವನ ಕೈಗಿಡುತ್ತಾರೆ.

ಇಲ್ಲಿ ಚಿತ್ರ ನಿಲ್ಲಿಸಿ, ದೀಪ ಹಾಕಿ. ಸುಳ್ಳಾಡಬಾರದೆಂಬ ದೇವರ ಕಟ್ಟಳೆಯನ್ನು ಬಾಯಿಪಾಠ ಮಾಡಿದ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ: ಬಿಷಪರು ಹೇಳಿದ್ದು ಸುಳ್ಳಲ್ಲವೇ? ಕೆಲವರು ಈ ಪ್ರಶ್ನೆಗೆ ಹೆದರಿ ಗದರಿಸಿಬಿಡುತ್ತಾರೆ. ಗದರಿಸಬೇಡಿ. ಕ್ಷಮೆಯೆಂದರೇನು, ಅದಕ್ಕೆ ಕೊಡುವವನ ಖರ್ಚೆಷ್ಟು, ಪಡೆದವನ ಮೇಲೆ ಬೀಳುವ ಹೊಣೆ ಯಾವುದು ಎಂಬುದೆಲ್ಲ ಆ ಒಂದು ಪ್ರಶ್ನೆಯ ಹಿಂದೆಯೇ ಇದೆ. ಎಲ್ಲಕ್ಕೂ ಉತ್ತರ ತಮ್ಮಲ್ಲಿಲ್ಲವೆಂದು ಉಪದೇಶಕರು ಒಪ್ಪಿಕೊಂಡರೆ ಮಕ್ಕಳ ಗೌರವವೇನೂ ಕಡಿಮೆಯಾಗದು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಮನೆಮಾತು ಕೊಂಕಣಿ, ಪ್ರಾರ್ಥನೆಯ ಪುಸ್ತಕ ಕನ್ನಡ ಲಿಪಿಯದ್ದು, ಚಿತ್ರ ಇಂಗ್ಲಿಷಿನದ್ದೋ ಮಲಯಾಳದ್ದೋ. ಚಿತ್ರ ಯಾವ ಭಾಷೆಯದ್ದಾದರೂ ಇರಲಿ. ಆಮೇಲಿನ ಮಾತುಕತೆಯಾದರೂ ಮಗು ಮನೆಯಲ್ಲಿ ಅಮ್ಮನೊಡನೆ ಜಗಳವಾಡುವ ಭಾಷೆಯಲ್ಲಿ ನಡೆಯಲಿ. ಕದ್ದದ್ದನ್ನು ಒಪ್ಪಿಕೊಳ್ಳುವುದು ಆ ಭಾಷೆಯಲ್ಲೇ ಅಲ್ಲವೇ? ತಂದೆತಾಯಂದಿರೂ ಆ ದಿನ ಹಿಂದಿನ ಬೆಂಚಿನಲ್ಲಿ ಬಂದು ಕೂರಲಿ.