ಬಿಲ್ ಯಾರು ಕಟ್ತಾರೆ? (ಹಳೇ ಲೋಕ, ಹೊಸ ರೂಲ್ಸ್)

1/5
ಕಳೆದ ಪೋಸ್ಟ್ ಹಾಕಿದ್ಮೇಲೆ ಜಾಸ್ತಿ ಬಂದ ಪ್ರಶ್ನೆ ಒಂದೇ: "ಡಾರ್ಕ್ ಸನ್‌ನ 5ನೇ ಆವೃತ್ತಿಯ ರೂಲ್ಸ್‌ನಲ್ಲಿ ಆಡೋಕಾಗುತ್ತಾ?" ಆಗುತ್ತೆ. ಆದ್ರೆ ಬರೀ ಅಂಕಿ ಬದಲಾಯಿಸಿ ಆಡಿದ್ರೆ ಅದು ಡಾರ್ಕ್ ಸನ್ ಆಗಿ ಉಳಿಯಲ್ಲ. ಯಾಕೆ ಅಂತ ಈ ಐದು ಕ್ಯಾಪ್ಷನ್‌ನಲ್ಲಿ ಹೇಳ್ತೀನಿ.

ಹೊಸಬರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಟೇಬಲ್ ಸುತ್ತ ಕೂತು, ಡೈಸ್ ಉರುಳಿಸಿ, ಎಲ್ಲರೂ ಸೇರಿ ಕಥೆ ಕಟ್ಟೋ ಆಟ. ಅದಕ್ಕೆ 1991ರಲ್ಲಿ ಟಿಎಸ್‌ಆರ್ ಕಂಪನಿ ತಂದ ಒಂದು ಲೋಕದ ಹೆಸರು ಡಾರ್ಕ್ ಸನ್. ಟಿಮೊಥಿ ಬ್ರೌನ್, ಟ್ರಾಯ್ ಡೆನಿಂಗ್ ಬರೆದ್ರು. ಬ್ರಾಮ್ ಚಿತ್ರ ಬಿಡಿಸಿದ್ರು. ಆ ಲೋಕ ಅಥಾಸ್, ಪೂರ್ತಿ ಮರಳುಗಾಡು. ಅಲ್ಲಿ ದೇವರಿಲ್ಲ. ಕಬ್ಬಿಣ ಅಪರೂಪ, ಹಾಗಾಗಿ ಕತ್ತಿ ಮೂಳೇದು, ನಾಣ್ಯ ಸುಟ್ಟ ಮಣ್ಣಿಂದು. ನಗರಗಳನ್ನ ಆಳೋರು ಮಾಂತ್ರಿಕ ರಾಜರು. ಲೋಕ ಹೀಗೆ ಒಣಗಿದ್ದಕ್ಕೆ ಕಾರಣಾನೂ ಮಂತ್ರವೇ. ಮಂತ್ರ ಹಾಕೋಕೆ ಬೇಕಾದ ಶಕ್ತಿ ಗಿಡಮರದ ಜೀವದಿಂದ ಬರುತ್ತೆ. ಹುಷಾರಾಗಿ ತಗೊಳ್ಳೋನು ಪ್ರಿಸರ್ವರ್. ಬೂದಿ ಆಗೋ ತನಕ ಹೀರೋನು ಡಿಫೈಲರ್.

ಅಂದ್ರೆ ಅಥಾಸ್‌ನಲ್ಲಿ ಯಾವ ಶಕ್ತಿಯೂ ಪುಕ್ಕಟೆ ಅಲ್ಲ. ಬಿಲ್ ಯಾರೋ ಒಬ್ರು ಕಟ್ಟಲೇಬೇಕು. ಹೆಚ್ಚಿನ ಸಲ ಅದನ್ನ ಕಟ್ಟೋದು ಬಳಸಿದವನಲ್ಲ, ಪಕ್ಕದವನು.

2/5
ಅಂಕಿ ಬದಲಾಯಿಸೋದು ಸುಲಭದ ಕೆಲಸ. ಹಳೇ ರೂಲ್ಸ್‌ನಲ್ಲಿ ಆರ್ಮರ್ ಕ್ಲಾಸ್ ಕಮ್ಮಿ ಇದ್ದಷ್ಟೂ ಒಳ್ಳೇದು, ಹೊಸದ್ರಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೇದು. 20ರಲ್ಲಿ ಹಳೇದನ್ನ ಕಳೆದ್ರೆ ಆಯ್ತು: ಹಳೇ 4 ಅಂದ್ರೆ ಹೊಸ 16. ಇದಕ್ಕೆ ವಾದ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು.

ಬಿಕಾಂ ಮಾಡ್ತಿರೋರಿಗೆ 'ಸಬ್‌ಸ್ಟೆನ್ಸ್ ಓವರ್ ಫಾರ್ಮ್' ಗೊತ್ತಿರುತ್ತೆ. ವಹಿವಾಟಿನ ಕಾಗದ ಏನು ಹೇಳುತ್ತೆ ಅನ್ನೋದಕ್ಕಿಂತ ನಿಜವಾಗಿ ಏನು ನಡೀತು ಅನ್ನೋದನ್ನ ಪುಸ್ತಕಕ್ಕೆ ಹತ್ತಿಸ್ಬೇಕು. ಹಳೇ ಲೋಕ ಹೊಸ ರೂಲ್ಸ್‌ಗೆ ತರೋವಾಗ್ಲೂ ಇದೇ ಲೆಕ್ಕ. ಅಥಾಸ್ ಅನ್ನೋ ಹೆಸರು, ಮ್ಯಾಪು, ಮಿಡತೆ ಥರದ ಥ್ರಿ-ಕ್ರೀನ್ ಎಲ್ಲಾ ಫಾರ್ಮ್. ನೀರಿಲ್ಲ ಅನ್ನೋ ಭಯ ಸಬ್‌ಸ್ಟೆನ್ಸ್.

3/5
ಈಗ ನೀರಿನ ಲೆಕ್ಕ ನೋಡಿ. 2014ರ 5ನೇ ಆವೃತ್ತಿ ಪ್ರಕಾರ ಒಬ್ಬರಿಗೆ ದಿನಕ್ಕೆ 1 ಗ್ಯಾಲನ್ ನೀರು ಬೇಕು, ಸೆಕೆ ಇದ್ರೆ 2. ಐದು ಜನ ಮರಳುಗಾಡಲ್ಲಿ ಹೊರಟ್ರೆ 10 ಗ್ಯಾಲನ್, ಸುಮಾರು 38 ಲೀಟರ್. ಅದೇ ಪುಸ್ತಕದಲ್ಲಿ ನೀರು ಸೃಷ್ಟಿಸೋ ಮೊದಲನೇ ಲೆವೆಲ್ ಮಂತ್ರ ಒಂದಿದೆ. ಒಂದು ಸಲ ಹಾಕಿದ್ರೆ ಎಷ್ಟು ನೀರು? ಸರಿಯಾಗಿ 10 ಗ್ಯಾಲನ್!

ಡಾರ್ಕ್ ಸನ್‌ನಲ್ಲಿ ಆಟ ಶುರುವಾಗೋದೇ 3ನೇ ಲೆವೆಲ್‌ನಿಂದ. ಆ ಲೆವೆಲ್‌ನ ಕ್ಲೆರಿಕ್‌ಗೆ ಮೊದಲನೇ ಲೆವೆಲ್ ಸ್ಲಾಟ್ 4 ಇರುತ್ತೆ, ರಾತ್ರಿ ಮಲಗಿ ಎದ್ರೆ ಅಷ್ಟೂ ವಾಪಸ್. ಅಂದ್ರೆ ನಿಮ್ಮ ಟೀಮ್‌ನಲ್ಲಿ ಒಬ್ಬ ಕ್ಲೆರಿಕ್ ಇದ್ರೆ ಸಾಕು, ಮರಳುಗಾಡು ಬರೀ ಹಿಂದೆ ಹಾಕಿರೋ ಪರದೆ. ನೀರಿಗಾಗಿ ಯಾರೂ ಯಾರ ಹತ್ರಾನೂ ಕೈ ಚಾಚಲ್ಲ, ಜಗಳ ಆಡಲ್ಲ. ಕಥೆಯ ಅರ್ಧ ಜೀವ ಅಲ್ಲೇ ಹೋಯ್ತು.

ಇದಕ್ಕೆ ತುಂಬ ಜನ ಡಂಜನ್ ಮಾಸ್ಟರ್‌ಗಳು ಕೊಡೋ ಉತ್ತರ: ಆ ಮಂತ್ರಾನೇ ಬ್ಯಾನ್ ಮಾಡು. ನಾನು ಇದಕ್ಕೆ ವಿರೋಧ. ಆಸೆಪಟ್ಟು ಕ್ಯಾರೆಕ್ಟರ್ ಮಾಡ್ಕೊಂಡು ಬಂದ ಹುಡುಗಿಗೆ ಮೊದಲ ದಿನಾನೇ "ಇದಿಲ್ಲ, ಅದಿಲ್ಲ" ಅಂತ ಪಟ್ಟಿ ಕೊಟ್ರೆ ಅವಳು ಎರಡನೇ ಭಾನುವಾರ ಬರಲ್ಲ. ಅದೂ ಅಲ್ದೆ, ನೀರಿನ ಕ್ಲೆರಿಕ್ ಅನ್ನೋದು ಹಳೇ ಡಾರ್ಕ್ ಸನ್‌ನಲ್ಲೇ ಇದ್ದ ಪಾತ್ರ. ಅಲ್ಲಿ ದೇವರ ಬದಲು ಪಂಚಭೂತದ ಥರ ನೀರು, ಬೆಂಕಿ, ಗಾಳಿ, ಮಣ್ಣನ್ನ ನಂಬ್ತಾರೆ.

ಬ್ಯಾನ್ ಬೇಡ, ಬೆಲೆ ಇಡಿ. ನಮ್ಮ ಟೇಬಲ್‌ನಲ್ಲಿ ಒಂದು ಸ್ಲಾಟ್‌ಗೆ 2 ಗ್ಯಾಲನ್ ಮಾತ್ರ, ಒಬ್ಬರ ಒಂದು ದಿನದ ಪಾಲು. ನಾಲ್ಕೂ ಸ್ಲಾಟ್ ನೀರಿಗೇ ಖರ್ಚು ಮಾಡಿದ್ರೂ ಐದನೇಯವರಿಗೆ ಸಾಲಲ್ಲ. ಜೊತೆಗೆ ಗಾಯ ವಾಸಿ ಮಾಡೋಕೆ ಸ್ಲಾಟ್ ಉಳಿಯಲ್ಲ. ಯಾರಿಗೆ ನೀರು, ಯಾರಿಗೆ ಮದ್ದು? ಆಪರ್ಚುನಿಟಿ ಕಾಸ್ಟ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಟೆಕ್ಸ್ಟ್‌ಬುಕ್‌ನಲ್ಲೂ ಇಲ್ಲ.

4/5
ಡಿಫೈಲರ್ ವಿಷಯ ಇನ್ನೂ ಸೂಕ್ಷ್ಮ. 1991ರ ರೂಲ್ಸ್‌ನಲ್ಲಿ ಒಂದೊಂದು ಕ್ಲಾಸ್‌ಗೆ ಒಂದೊಂದು ಅನುಭವದ ಪಟ್ಟಿ ಇತ್ತು. ಡಿಫೈಲರ್ ಬೇಗ ಬೇಗ ಲೆವೆಲ್ ಏರ್ತಿದ್ದ, ಪ್ರಿಸರ್ವರ್ ನಿಧಾನ. ಕೆಟ್ಟ ದಾರಿ ನಿಜವಾಗ್ಲೂ ಹತ್ರದ ದಾರಿ ಆಗಿತ್ತು, ಆಮಿಷ ರೂಲ್ಸ್ ಒಳಗೇ ಇತ್ತು. 2000ದ 3ನೇ ಆವೃತ್ತಿಯಿಂದ ಎಲ್ಲಾ ಕ್ಲಾಸ್‌ಗೂ ಒಂದೇ ಪಟ್ಟಿ. ಹಳೇ ಪುಸ್ತಕದ ವಿವರಣೆ ಮಾತ್ರ ನಕಲು ಮಾಡಿದ್ರೆ ಡಿಫೈಲರ್‌ಗೆ ಲಾಭಾನೇ ಇಲ್ಲ. ಲಾಭ ಇಲ್ದೆ ಪಾಪ ಯಾರು ಮಾಡ್ತಾರೆ?

2010ರಲ್ಲಿ 4ನೇ ಆವೃತ್ತಿಗೆ ಡಾರ್ಕ್ ಸನ್ ಬಂದಾಗ ಇದನ್ನ ಚೆನ್ನಾಗಿ ಹಿಡಿದಿದ್ರು. ದೊಡ್ಡ ಮಂತ್ರ ಗುರಿ ತಪ್ಪಿದ್ರೆ ಡಿಫೈಲ್ ಮಾಡಿ ಮತ್ತೆ ಡೈಸ್ ಹಾಕ್ಬಹುದು, ಆದ್ರೆ ಪೆಟ್ಟು ಬೀಳೋದು ಹತ್ರ ಇರೋ ಸ್ವಂತ ಗೆಳೆಯರಿಗೆ. ನಾವು ಅದೇ ಆಲೋಚನೆ ಇಟ್ಕೊಂಡು 5ನೇ ಆವೃತ್ತಿಗೆ ಹೀಗೆ ಮಾಡ್ಕೊಂಡಿದ್ದೀವಿ: ಡಿಫೈಲ್ ಮಾಡಿದ್ರೆ ಮಂತ್ರ ಒಂದು ಲೆವೆಲ್ ಮೇಲಿನ ಸ್ಲಾಟ್‌ನಲ್ಲಿ ಹಾಕಿದಷ್ಟು ಬಲ. ಬದಲಿಗೆ 20 ಅಡಿ ಒಳಗಿರೋ ಪ್ರತಿ ಗೆಳೆಯನ ಒಂದು ಹಿಟ್ ಡೈಸ್ ಹೋಗುತ್ತೆ. ವಿಶ್ರಾಂತಿ ಹೊತ್ತಲ್ಲಿ ಚೇತರಿಸಿಕೊಳ್ಳೋಕೆ ಇಟ್ಟಿರೋ ಉಳಿತಾಯ ಅದು. ಮಂತ್ರ ಹಾಕಿದವನ ಖಾತೆಯಿಂದ ಒಂದು ಪೈಸೆ ಹೋಗಲ್ಲ! ಈಗ ಟೇಬಲ್‌ನಲ್ಲಿ "ಲೋ ಮಗಾ, ಕೇಳಿ ಮಾಡೋ" ಅನ್ನೋ ಮಾತು ಪ್ರತಿ ಜಗಳದಲ್ಲೂ ಕೇಳುತ್ತೆ. ನನಗೆ ಬೇಕಾಗಿದ್ದೂ ಅದೇ.

ಆಯುಧದ್ದು ಚಿಕ್ಕದಾಗಿ: ಡೈಸ್‌ನಲ್ಲಿ 1 ಬಿದ್ರೆ ಆಟಗಾರನೇ ಆರಿಸ್ಲಿ. ಏಟು ತಪ್ಪಿತು ಅಂತ ಒಪ್ಕೋ, ಇಲ್ಲಾ ಮೂಳೆ ಕತ್ತಿ ಮುರಿದ್ರೂ ಪರವಾಗಿಲ್ಲ ಅಂತ ಇನ್ನೊಂದ್ಸಲ ಹಾಕು. ಇದೂ 4ನೇ ಆವೃತ್ತಿಯಿಂದ ತಗೊಂಡಿದ್ದು.

5/5
ಕೊನೇದು ಕಷ್ಟದ್ದು. ಅಥಾಸ್‌ನಲ್ಲಿ ಗುಲಾಮಗಿರಿ ಎಲ್ಲಾ ಕಡೆ ಇದೆ. 1991ರ 'ಫ್ರೀಡಂ' ಅನ್ನೋ ಸಾಹಸದಲ್ಲಿ ನಮ್ಮ ಪಾತ್ರಗಳನ್ನೇ ಹಿಡ್ಕೊಂಡು ಹೋಗಿ, ಟೈರ್ ನಗರದ ರಾಜ ಕಲಾಕ್ ಕಟ್ಟಿಸ್ತಿರೋ ಜಿಗ್ಗುರಾಟ್‌ನ ಕೆಲಸಕ್ಕೆ ಹಾಕ್ತಾರೆ. ಹೊಸ ಕಾಲಕ್ಕೆ ತರೋವಾಗ ಇದನ್ನ ತೆಗೀಬೇಕಾ, ಇಡಬೇಕಾ?

"ಆಟ ತಾನೇ, ಇರ್ಲಿ ಬಿಡು" ಅನ್ನೋದು ನನಗೆ ಒಪ್ಪಿಗೆ ಇಲ್ಲ. ಜೀತ ಅನ್ನೋದು ನಮಗೆ ಫ್ಯಾಂಟಸಿ ಪದ ಅಲ್ಲ. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡೋ ಕಾಯ್ದೆ ಬಂದಿದ್ದು 1976ರಲ್ಲಿ. ಟೇಬಲ್‌ನಲ್ಲಿ ಕೂತಿರೋ ಯಾರ ಮನೇಲಿ ಆ ನೆನಪು ಇದೆಯೋ ನಿಮಗೆ ಗೊತ್ತಿರಲ್ಲ. "ಪೂರ್ತಿ ತೆಗೆದುಬಿಡು" ಅನ್ನೋದೂ ಸರಿ ಅನ್ಸಲ್ಲ. ತೆಗೆದ್ರೆ ಮಾಂತ್ರಿಕ ರಾಜರು ಬರೀ ಕಿರೀಟ ಹಾಕಿದ ಅಂಕಲ್‌ಗಳಾಗ್ತಾರೆ. ಆ ಕೋಟೆಗಳ ಬಿಲ್ ಯಾರು ಕಟ್ಟಿದ್ರು ಅನ್ನೋದು ಮುಚ್ಚಿಹೋಗುತ್ತೆ.

ನನ್ನ ನಿಲುವು: ಇಡಿ, ಆದ್ರೆ ಸರಪಳಿ ಕಡಿಯೋರ ಕಡೆಯಿಂದ ಆಡಿ. ಸಂತೆಯಲ್ಲಿ ಮನುಷ್ಯರ ಬೆಲೆ ಪಟ್ಟಿ, ಆಟಗಾರರೇ ಕೊಂಡುಕೊಳ್ಳೋದು, ಇವು ಬೇಡ. ಆಟ ಶುರುವಾಗೋ ಮುಂಚೆ ಎಲ್ಲರನ್ನೂ ಕೇಳಿ. ಒಬ್ಬರು ಬೇಡ ಅಂದ್ರೂ ಬೇಡ, ಕಾರಣ ಕೇಳ್ಬೇಡಿ.

5ನೇ ಆವೃತ್ತಿ ಬಂದು 10 ವರ್ಷ ಆಗೋವರೆಗೂ ಅದಕ್ಕೆ ಪೂರ್ತಿ ಡಾರ್ಕ್ ಸನ್ ಪುಸ್ತಕ ಬರಲಿಲ್ಲ. ಹಾಗಾಗಿ ಈ ತೀರ್ಮಾನ ಎಲ್ಲಾ ನಮ್ಮಂಥ ಟೇಬಲ್‌ಗಳ ಮೇಲೇ ಬಿತ್ತು. ಯಾವ ಹಳೇ ಲೋಕ ತಂದ್ರೂ ಮೊದಲು ಒಂದು ಹಾಳೆ ತಗೊಂಡು ಬರೀರಿ: ಇಲ್ಲಿ ಯಾವುದು ದುಬಾರಿ, ದುಡ್ಡು ಯಾರ ಜೇಬಿಂದ ಹೋಗುತ್ತೆ? ಅದು ಗೊತ್ತಾದ್ರೆ ಅಂಕಿ ತಾನಾಗೇ ಬರುತ್ತೆ.

ನಿಮ್ಮ ಟೇಬಲ್‌ನಲ್ಲಿ ನೀರು ಪುಕ್ಕಟೆನಾ? ಕಾಮೆಂಟ್‌ನಲ್ಲಿ ಹೇಳಿ. ಬ್ಯಾನ್ ಮಾಡೋದೇ ಸರಿ ಅನ್ನೋರೂ ಬನ್ನಿ, ಜಗಳ ಆಡೋಣ.

#ಡಾರ್ಕ್‌ಸನ್ #ಅಥಾಸ್ #ಹಳೇಲೋಕಹೊಸರೂಲ್ಸ್ #ಕನ್ನಡದಲ್ಲಿಡಿಎನ್‌ಡಿ