ನಕ್ಷೆ ಹಿಡಿದವನ ಹೆಸರು ಕೇಳುವ ಮೊದಲು

"ಸರ್ವೆಗ್ ಬಂದದ್ದಾ?"

ಕೋಟೇಶ್ವರದ ಮೂಡಣ ಭಾಗದ ಒಂದು ಹಾಡಿಯಲ್ಲಿ ಕಳೆದ ಬೇಸಗೆಯ ಭಾನುವಾರ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ ಹೀಗೆ ಕೇಳಿದರು. ನನ್ನ ಕೈಯಲ್ಲಿ ಬಣ್ಣದ ನಕ್ಷೆಯೊಂದಿತ್ತು, ಹೆಬ್ಬೆರಳಿಗೆ ಪುಟ್ಟ ದಿಕ್ಸೂಚಿ ಕಟ್ಟಿತ್ತು. ಸರ್ವೆಯಲ್ಲ, ಇದೊಂದು ಆಟ ಎಂದೆ. "ಆಟವಾ? ನಿಮ್ಮ ಹೆಸರೆಂತ?" ಹೆಸರು ಹೇಳಿದೆ. ಅವರ ದನಿ ಬದಲಾಯಿತು. ಯಾರು ಕಳಿಸಿದ್ದು, ಯಾವ ಸಂಘಟನೆ, ಫೋಟೋ ತೆಗೆದಿದ್ದೀರಾ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಅಲ್ಲಿಂದ ಐವತ್ತು ಹೆಜ್ಜೆ ಆಚೆ, ಅದೇ ನಕ್ಷೆ ಹಿಡಿದು ನಿಂತಿದ್ದ ನನ್ನ ಗೆಳೆಯ, ನಿವೃತ್ತ ಮೇಷ್ಟ್ರು, ಅವರಿಂದ ಕೇಳಿಸಿಕೊಂಡದ್ದು ಒಂದೇ ಮಾತು: "ದಾರಿ ತಪ್ಪಿತಾ ಮೇಷ್ಟ್ರೇ?"

ಈ ಎರಡು ಪ್ರಶ್ನೆಗಳ ನಡುವಿನ ಐವತ್ತು ಹೆಜ್ಜೆಯ ಅಂತರದ ಬಗ್ಗೆಯೇ ನಾನು ಬರೆಯಬೇಕೆಂದಿರುವುದು. ಅದಕ್ಕೆ ಮೊದಲು ಆಟದ ಪರಿಚಯ ಮಾಡಿಕೊಡಬೇಕು.

ಅದರ ಹೆಸರು ಓರಿಯಂಟೀರಿಂಗ್. ಸ್ವೀಡನ್ನಿನ ಸೈನಿಕ ಶಾಲೆಯಲ್ಲಿ ಹುಟ್ಟಿದ್ದು. ಜನಸಾಮಾನ್ಯರ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಹತ್ತು ದೇಶಗಳು ಸೇರಿ 1961ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಆಟ ಬಹಳ ಸರಳ. ಕಾಡಿನಲ್ಲಿ ಅಲ್ಲಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ ಬಾವುಟ ತೂಗುಹಾಕಿರುತ್ತಾರೆ. ನಕ್ಷೆಯಲ್ಲಿ ಅವುಗಳ ಜಾಗಕ್ಕೆ ವೃತ್ತದ ಗುರುತಿರುತ್ತದೆ. ಕ್ರಮವಾಗಿ ಎಲ್ಲವನ್ನೂ ಮುಟ್ಟಿ ಬೇಗ ಬಂದವರು ಗೆದ್ದರು. ಯಾವ ದಾರಿಯಲ್ಲಿ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಜಿಪಿಎಸ್ ನೋಡಿ ದಾರಿ ಹುಡುಕುವಂತಿಲ್ಲ. ವೇಗದ ಕಾಲಿಗಿಂತ ನಿಂತು ಯೋಚಿಸುವ ತಲೆ ಇಲ್ಲಿ ದೊಡ್ಡದು. ನಲವತ್ತು ದಾಟಿದ ನನ್ನಂತಹವನಿಗೂ ಒಂದಿಷ್ಟು ಮರ್ಯಾದೆ ಉಳಿಯುವ ಆಟವೆಂದರೆ ಇದೇ.

ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ನಾನು ಕಂಪ್ಯೂಟರ್ ಪರದೆಯಲ್ಲಿ ನೋಡುತ್ತೇನೆ. ಓಟಗಾರ್ತಿಯೊಬ್ಬಳು ಪೊದೆಯ ನಡುವೆ ನಿಂತು, ನಕ್ಷೆ ತಿರುಗಿಸಿ, ತನ್ನ ತಪ್ಪನ್ನು ತಾನೇ ಕಂಡುಕೊಂಡು ಹಿಂದಕ್ಕೆ ಓಡುವ ಆ ಅರ್ಧ ನಿಮಿಷ ಯಾವ ಕ್ರಿಕೆಟ್ ಪಂದ್ಯದ ಕೊನೆಯ ಓವರಿಗೂ ಕಡಿಮೆಯದಲ್ಲ.

"ಇದೆಲ್ಲ ಬಿಳಿಯರ ಆಟ, ನಮಗ್ಯಾಕೆ?" ಎನ್ನುವವರಿದ್ದಾರೆ. ನಕ್ಷೆ ಬಿಳಿಯರದ್ದಲ್ಲ ಸ್ವಾಮಿ. ಆ ಪದವೇ ನಮ್ಮ ಉರ್ದು ಶಾಲೆಯ ಕಪ್ಪು ಹಲಗೆಯಿಂದ ಎದ್ದು ಬಂದಂತಿದೆ. ಅರಬಿ ಮೂಲದ ನಕ್ಶಾ ಕನ್ನಡದಲ್ಲಿ ನಕ್ಷೆಯಾಗಿ ಎಷ್ಟು ಕಾಲವಾಯಿತೋ, ಈಗ ಅದರ ಜಾತಿ ಯಾರೂ ಕೇಳುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬಿರೂನಿ ಊರುಗಳ ಅಕ್ಷಾಂಶ ರೇಖಾಂಶಗಳ ಮೇಲೆ ಒಂದು ಗ್ರಂಥವನ್ನೇ ಬರೆದ. ಘಜ್ನಿಯಿಂದ ಕಿಬ್ಲಾ ಯಾವ ದಿಕ್ಕಿಗಿದೆ ಎಂದು ನಿಖರವಾಗಿ ತಿಳಿಯುವುದು ಅವನ ಉದ್ದೇಶಗಳಲ್ಲಿ ಒಂದಾಗಿತ್ತು. ನಾವಾದರೋ ಪಶ್ಚಿಮ ಎಂದು ಕೈ ತೋರಿಸಿ ಸುಮ್ಮನಾಗುತ್ತೇವೆ. ಕುಂದಾಪುರದಲ್ಲಿ ನಿಂತರೆ ಕಿಬ್ಲಾ ಇರುವುದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿಕೊಂಡು. ಮನೆಯಲ್ಲಿ ದಿಕ್ಸೂಚಿ ಇಟ್ಟುಕೊಂಡೂ ಅದನ್ನು ಓದಲು ಕಲಿಯದ ಸಮುದಾಯ ನಮ್ಮದು. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಬರಲಿ.

ಇನ್ನು ನಕ್ಷೆಯ ಮೇಲಿನ ಅನುಮಾನದ ಮಾತು. ಹಾಡಿಯಲ್ಲಿ ನನ್ನನ್ನು ತಡೆದವರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ನಕ್ಷೆಯೆಂದರೆ ಹೆದರಬೇಕು ಎಂದು ಅವರಿಗೆ ಕಲಿಸಿದ್ದು ಸರಕಾರಗಳೇ. 1801ರಲ್ಲಿ ಬುಕಾನನ್ ಎಂಬ ಕಂಪನಿಯ ವೈದ್ಯ ಕುಂದಾಪುರ, ಬೈಂದೂರುಗಳನ್ನು ಹಾದು ಹೋಗುತ್ತ ನಮ್ಮ ಗದ್ದೆ, ಬೆಳೆ, ಗೇಣಿ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. 1802ರಲ್ಲಿ ಲ್ಯಾಂಬ್ಟನ್ ಮದರಾಸಿನಲ್ಲಿ ಶುರುಮಾಡಿದ ಅಳತೆ ಮಂಗಳೂರಿನ ಕಡಲು ಮುಟ್ಟಿತು. ಅವರನ್ನು ಹೆಸರು ಕೇಳಿ ತಡೆಯುವ ಧೈರ್ಯ ಯಾರಿಗಿತ್ತು? ದೊರೆಗಳು ಹೋದರು. ಅವರ ಗುಮಾನಿಯನ್ನು ನಾವು ಜೋಪಾನ ಮಾಡಿದೆವು. ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಒಳಗಿನ ಪ್ರದೇಶದ ಸರ್ವೆ ಇಲಾಖೆಯ ಭೂಪಟಗಳು ದಶಕಗಳ ಕಾಲ ಸಾಮಾನ್ಯರ ಕೈಗೆ ನಿಷಿದ್ಧವಾಗಿದ್ದವು. ಕುಂದಾಪುರದ ಕಡಲಿನಿಂದ ಅಷ್ಟು ದೂರ ಅಳೆದರೆ ಘಟ್ಟ ಹತ್ತಿ ತೀರ್ಥಹಳ್ಳಿಯನ್ನೂ ದಾಟುತ್ತದೆ! ಅಂದರೆ ನಮ್ಮ ಮೂರು ತಾಲೂಕುಗಳ ಒಂದೇ ಒಂದು ಹಾಡಿಯನ್ನೂ ನಾವು ಕಾಗದದ ಮೇಲೆ ನೋಡುವಂತಿರಲಿಲ್ಲ. ಹೊರಗಿನ ಉಪಗ್ರಹಗಳು ಮಾತ್ರ ಧಾರಾಳವಾಗಿ ನೋಡುತ್ತಿದ್ದವು.

2005ರ ರಾಷ್ಟ್ರೀಯ ನಕ್ಷೆ ನೀತಿ ಜನರಿಗೊಂದು, ಸೇನೆಗೊಂದು ಎಂದು ನಕ್ಷೆಗಳನ್ನು ಬೇರೆ ಮಾಡಿತು. 2016ರಲ್ಲಿ ಬಂದ ಮಸೂದೆಯ ಕರಡಂತೂ ಅನುಮತಿಯಿಲ್ಲದೆ ನಕ್ಷೆಯ ಮಾಹಿತಿ ಇಟ್ಟುಕೊಂಡವರಿಗೆ ಕೋಟಿಗಳ ದಂಡ, ಏಳು ವರ್ಷದವರೆಗಿನ ಜೈಲು ಎಂದಿತ್ತು. ಪುಣ್ಯಕ್ಕೆ ಅದು ಕಾನೂನಾಗಲಿಲ್ಲ. 2017ರಲ್ಲಿ ಸರ್ವೆ ಇಲಾಖೆ ತನ್ನ 250ನೆಯ ವರ್ಷಕ್ಕೆ ನಕ್ಷೆಗಳನ್ನು ಪುಕ್ಕಟೆ ಕೊಡಲು ಒಂದು ಜಾಲತಾಣ ತೆರೆದು, ನಮ್ಮದೇ ಪದದಲ್ಲಿ 'ನಕ್ಷೆ' ಎಂದು ಹೆಸರಿಟ್ಟಿತು. ಆದರೆ ಒಳಗೆ ಹೋಗಲು ಆಧಾರ್ ಬೇಕಿತ್ತು. ಕೊನೆಗೆ 2021ರ ಫೆಬ್ರವರಿಯ ಮಾರ್ಗಸೂಚಿ ಬಹುತೇಕ ಕಟ್ಟುಗಳನ್ನು ಬಿಚ್ಚಿತು. ಈಗ ಭಾರತೀಯನೊಬ್ಬ ತನ್ನೂರಿನ ನಕ್ಷೆ ಮಾಡಲು ಪೂರ್ವಾನುಮತಿ ಬೇಕಿಲ್ಲ. ದೆಹಲಿ ಬಿಟ್ಟ ಅನುಮಾನವನ್ನು ಹಾಡಿಯ ಬಾಗಿಲಲ್ಲಿ ನಾವೇಕೆ ಕಾಯುತ್ತಿದ್ದೇವೆ? ಅದೂ ಹೆಸರು ನೋಡಿ?

ಸರಕಾರದ ನಕ್ಷೆ ಸಿಕ್ಕರೂ ಆಟಕ್ಕೆ ಸಾಲದು. 1:50,000 ಅಳತೆಯಲ್ಲಿ ಒಂದು ಸೆಂಟಿಮೀಟರೆಂದರೆ ಅರ್ಧ ಕಿಲೋಮೀಟರು. ಅದರಲ್ಲಿ ನಮ್ಮ ಹಾಡಿ ಒಂದು ಹಸಿರು ಚುಕ್ಕೆ ಅಷ್ಟೆ. ಆಟಕ್ಕೆ 1:10,000 ಬೇಕು, ಅಂದರೆ ಸೆಂಟಿಮೀಟರಿಗೆ ನೂರು ಮೀಟರು. ಹಾಗಾಗಿ ಮೇಷ್ಟ್ರು ಮತ್ತು ನಾನು ನಡೆದು ನಡೆದೇ ನಕ್ಷೆ ಮಾಡಿದೆವು. ಪುಕ್ಕಟೆ ಸಿಗುವ ತಂತ್ರಾಂಶವಿದೆ, ಅದರಲ್ಲಿ ಬಿಡಿಸಿದೆವು. ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ, ಪೊದೆ ದಟ್ಟವಾದಷ್ಟೂ ಗಾಢ ಹಸಿರು, ಬಯಲಿಗೆ ಹಳದಿ, ನೆಲದ ಏರಿಳಿತಕ್ಕೆ ಕಂದು, ನೀರಿಗೆ ನೀಲಿ. ಯುರೋಪಿನವರ ಚಿಹ್ನೆಗಳಲ್ಲಿ ನಮ್ಮ ನೆಲ ಅಷ್ಟು ಸುಲಭವಾಗಿ ಕೂರುವುದಿಲ್ಲ. ಮುರಕಲ್ಲು ತೆಗೆದು ಹಾಗೇ ಬಿಟ್ಟ ಚೌಕದ ಹೊಂಡ, ಮಳೆಗಾಲಕ್ಕೆ ಮಾತ್ರ ಜೀವ ಬರುವ ತೋಡು, ಬೇಸಗೆಯಲ್ಲಿ ಒಣಗಿ ಆಟದ ಮೈದಾನವಾಗುವ ಮದಗ, ನದಿಯ ನಡುವಿನ ಕುದ್ರು, ಒಬ್ಬರೇ ನಡೆಯಬಹುದಾದ ಗದ್ದೆಯ ಅಂಚು. ಜೂನ್‌ನಲ್ಲಿ ಬಿಳಿಯಿದ್ದದ್ದು ಆಗಸ್ಟ್‌ನಲ್ಲಿ ಕಡು ಹಸಿರು. ಒಂದು ಹಾಡಿಗೆ ಎರಡು ನಕ್ಷೆ ಬೇಕು!

ಕಾಲಿಡಬಾರದ ಜಾಗಕ್ಕೂ ಒಂದು ಬಣ್ಣವಿದೆ, ಆಲಿವ್ ಹಸಿರು. ಅದರೊಳಗೆ ಹೋದವನು ಸ್ಪರ್ಧೆಯಿಂದ ಹೊರಗೆ. ನಮ್ಮ ನಕ್ಷೆಯಲ್ಲಿ ನಾಗಬನಕ್ಕೂ ಅದೇ ಬಣ್ಣ, ಕಬರಸ್ತಾನಕ್ಕೂ ಅದೇ ಬಣ್ಣ. ಮೇಷ್ಟ್ರು ನಾಗಬನದ ಗಡಿ ತೋರಿಸಿದರು, ಕಬರಸ್ತಾನದ ಗಡಿ ನಾನು ತೋರಿಸಿದೆ. ಅದಕ್ಕೊಂದು ಸೌಹಾರ್ದ ಸಮಾವೇಶ ಬೇಕಾಗಲಿಲ್ಲ.

ನಮ್ಮವರಲ್ಲೂ ತಕರಾರುಗಳಿವೆ. ಹೆಣ್ಣುಮಕ್ಕಳು ಹಾಡಿಯಲ್ಲಿ ಓಡುವುದೇ ಎಂದು ಹಿರಿಯರೊಬ್ಬರು ಕೇಳಿದರು. ಚಾಚಾ, ನಮ್ಮ ಅಮ್ಮಿ ಇದೇ ಹಾಡಿಯಿಂದ ತಲೆಹೊರೆ ಕಟ್ಟಿಗೆ ತಂದವರು, ತರಗೆಲೆ ಗುಡಿಸಿ ತಂದವರು. ಆಗ ಯಾರೂ ಕೇಳಲಿಲ್ಲವಲ್ಲ? ಹೊರೆ ಹೊತ್ತರೆ ತಪ್ಪಿಲ್ಲ, ಕೈಯಲ್ಲಿ ನಕ್ಷೆ ಹಿಡಿದರೆ ತಪ್ಪೇ? ಬಟ್ಟೆಯ ಚಿಂತೆಯೂ ಬೇಡ, ಮುಳ್ಳು ಪರಚದಿರಲೆಂದು ಕಾಲು ಪೂರ್ತಿ ಮುಚ್ಚಿಕೊಳ್ಳುವುದು ಈ ಆಟದ ಎಷ್ಟೋ ಸ್ಪರ್ಧೆಗಳಲ್ಲಿ ಕಡ್ಡಾಯ. ನಮ್ಮ ಪುಟ್ಟ ಓಟಕ್ಕೆ ಬಂದ ಹನ್ನೊಂದು ಮಕ್ಕಳಲ್ಲಿ ಎಲ್ಲ ಬಾವುಟ ಮುಟ್ಟಿ ಬಂದವರು ಮೂವರು, ಅದರಲ್ಲಿ ಇಬ್ಬರು ಹುಡುಗಿಯರು. ಹುಡುಗರು ವೇಗವಾಗಿ ಓಡಿ ತಪ್ಪು ಹೊಂಡದಲ್ಲಿ ಬಾವುಟ ಹುಡುಕುತ್ತಿದ್ದರು.

ಎಸ್ಸೆಸ್ಸೆಲ್ಸಿಯ ಹುಡುಗ ಭಾರತದ ನಕ್ಷೆ ಬಿಡಿಸಿ ಊರುಗಳನ್ನು ಗುರುತಿಸುತ್ತಾನೆ. ಅವನ ಶಾಲೆಯ ಹಿಂದಿನ ತೋಡು ಯಾವ ಹೊಳೆಗೆ ಸೇರುತ್ತದೆಂದು ಕೇಳಿ ನೋಡಿ. ಎನ್‌ಸಿಸಿಯ ಪಠ್ಯದಲ್ಲಿ ನಕ್ಷೆ ಓದುವ ಪಾಠವಿದೆ. ಅದನ್ನು ಕೆಡೆಟ್ಟುಗಳಿಗಷ್ಟೇ ಏಕೆ ಬಿಡಬೇಕು? 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಹೊಸ ತಾಲೂಕುಗಳಾದವು. ಹೊಸ ಗಡಿಯ ಮೇಲೆ ರಾಜಕಾರಣಿಗಳು ಸಾಕಷ್ಟು ಮಾತಾಡಿದರು. ಆ ಗಡಿಯೊಳಗೆ ಏನಿದೆ ಎಂಬ ಒಂದು ದೊಡ್ಡ ನಕ್ಷೆಯನ್ನು ಪ್ರತಿ ಗ್ರಂಥಾಲಯದ ಗೋಡೆಗೆ ಹಾಕಿ ಎಂದು ಕೇಳುವವರು ಬೇಕಾಗಿದ್ದಾರೆ. ನಾನು ಕೇಳುತ್ತಿದ್ದೇನೆ.

ಅಂದಹಾಗೆ, ಹಾಡಿಯಲ್ಲಿ ನನ್ನನ್ನು ತಡೆದವರ ಕೈಗೆ ಆ ದಿನ ನಕ್ಷೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಸಂಶಯ ಹೋಯಿತೆಂದು ನಾನು ಹೇಳಲಾರೆ. ಆದರೆ ಬೆರಳಿಟ್ಟು, "ಈ ಕಾಲ್ದಾರಿ ಈಗ ಇಲ್ಲೆ, ಹೋದ ವರ್ಷ ಬೇಲಿ ಹಾಕಿರ್" ಎಂದರು. ಹೋಗಿ ನೋಡಿದೆವು. ಬೇಲಿ ಇತ್ತು. ಮೇಷ್ಟ್ರು ಪೆನ್ಸಿಲ್ ತೆಗೆದು ತಿದ್ದಿಕೊಂಡರು.