ಹೊಟ್ಟೆಯಡಿಯ ಹೊನ್ನು

ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಕನ್ನಡನಾಡಿನದು. ಆದರೆ ಈಚಿನ ವರ್ಷಗಳಲ್ಲಿ ಅದರ ಅರ್ಥವನ್ನು ಪೂರ್ಣವಾಗಿ ಅನುಭವಿಸಿದವರು ಅಮೆರಿಕದ ಪಿಕಪ್ ಟ್ರಕ್ಕುಗಳ ಒಡೆಯರು. ರಾತ್ರಿ ಮನೆಯ ಮುಂದೆ ನಿಲ್ಲಿಸಿದ ವಾಹನವು ಬೆಳಗ್ಗೆ ಅದೇ ಸ್ಥಳದಲ್ಲಿ ನಿಂತಿರುತ್ತದೆ. ಗಾಜು ಒಡೆದಿರುವುದಿಲ್ಲ, ಬೀಗ ಮುರಿದಿರುವುದಿಲ್ಲ. ಒಡೆಯನು ಕೆಲಸಕ್ಕೆ ಹೊರಡಲೆಂದು ಬೀಗದ ಕೈ ತಿರುಗಿಸಿದೊಡನೆ ಮಾತ್ರ ಬೀದಿಯೆಲ್ಲ ಬೆಚ್ಚುವಂತೆ ಎಂಜಿನ್ನು ಗರ್ಜಿಸುತ್ತದೆ. ಬಗ್ಗಿ ನೋಡಿದರೆ ಹೊಗೆಕೊಳವೆಯ ನಡುವಿನ ಒಂದು ತುಂಡು ಮಾಯವಾಗಿದೆ! ಕಳ್ಳನು ಒಯ್ದದ್ದು ವಾಹನವನ್ನಲ್ಲ. ಅದರ ಹೊಟ್ಟೆಯಡಿಯಲ್ಲಿದ್ದ, ಒಡೆಯನು ಎಂದೂ ಕಣ್ಣೆತ್ತಿ ನೋಡದಿದ್ದ, ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯನ್ನು.

ಈ ಡಬ್ಬಿಯಲ್ಲಿ ಅಂಥದೇನಿದೆ? ಮೋಟಾರು ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಇಂಧನದ ಆವಿ, ಸಾರಜನಕದ ಆಕ್ಸೈಡುಗಳು ಎಂಬ ಮೂರು ಬಗೆಯ ವಿಷಗಳಿರುತ್ತವೆ. ಇವುಗಳ ಬಹುಭಾಗವನ್ನು ಇಂಗಾಲದ ಡೈ ಆಕ್ಸೈಡ್, ನೀರಾವಿ ಮತ್ತು ಸಾರಜನಕಗಳನ್ನಾಗಿ ಮಾರ್ಪಡಿಸುವುದು ಇದರ ಕೆಲಸ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರನು 1950ರ ದಶಕದಲ್ಲಿ ಇದರ ತತ್ತ್ವವನ್ನು ಮೋಟಾರುಗಳಿಗೆ ಅಳವಡಿಸಲು ಶ್ರಮಿಸಿದನು. 1970ರ ವಾಯುಶುದ್ಧಿ ಕಾನೂನಿನ ಫಲವಾಗಿ 1975ರ ಮಾದರಿಯಿಂದ ಮೊದಲಾಗಿ ಅಮೆರಿಕದ ವಾಹನಗಳಿಗೆ ಇದು ಬಂದಿತು. ಡಬ್ಬಿಯೊಳಗೆ ಜೇನುಹುಟ್ಟಿನಂತೆ ಸಾವಿರಾರು ಸಣ್ಣ ಕಿಂಡಿಗಳುಳ್ಳ ಪಿಂಗಾಣಿಯ ಇಟ್ಟಿಗೆಯಿದೆ. ಕಿಂಡಿಗಳ ಒಳಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳನ್ನು ತೆಳುವಾಗಿ ಲೇಪಿಸಿರುತ್ತಾರೆ. ತೂಕದಲ್ಲಿ ಅವು ಕೆಲವೇ ಗ್ರಾಂ. ಕಳ್ಳನ ಕಣ್ಣು ಆ ಕೆಲವು ಗ್ರಾಮುಗಳ ಮೇಲೆ.

ರೋಡಿಯಂನ ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳಿಂದ ಬರತಕ್ಕದ್ದು. ಬೇಡಿಕೆ ಏರಿ ಪೂರೈಕೆ ಕುಗ್ಗಿದಾಗ, 2021ರ ಮಾರ್ಚಿಯಲ್ಲಿ, ಅದರ ಬೆಲೆ ಔನ್ಸಿಗೆ ಸುಮಾರು 29,000 ಡಾಲರಿಗೆ ಮುಟ್ಟಿತು. ಆಗಿನ ಚಿನ್ನದ ಬೆಲೆಗೆ ಹೋಲಿಸಿದರೆ ಇದು 15 ಪಟ್ಟಿಗೂ ಮಿಗಿಲು. ಬೆಲೆಯ ಹಿಂದೆಯೇ ಕಳ್ಳರೂ ಬಂದರು. ವಿಮಾ ಅಪರಾಧಗಳನ್ನು ಗಮನಿಸುವ ಅಲ್ಲಿನ ರಾಷ್ಟ್ರೀಯ ಸಂಸ್ಥೆಯ ಲೆಕ್ಕದಂತೆ, 2018ರಲ್ಲಿ 1,298ರಷ್ಟಿದ್ದ ಇಂಥ ಕಳವುಗಳು 2021ರಲ್ಲಿ 52,000ವನ್ನು ಮೀರಿದವು. ಮುಂದೆ ಲೋಹದ ಬೆಲೆ ಇಳಿಯಿತು; ಕಳವೂ ತಗ್ಗಿತು. ಆದರೆ ಬೆಲೆ ಮತ್ತೆ ಏರಿದಂದು ಕಳ್ಳನೂ ಮತ್ತೆ ಬಂದಾನು.

ಪಿಕಪ್ ಟ್ರಕ್ಕಿನ ಮೇಲೆಯೇ ಕಳ್ಳನಿಗೇಕೆ ಇಷ್ಟು ಪ್ರೀತಿ? ಸಣ್ಣ ಕಾರಿನ ಅಡಿಗೆ ನುಸುಳಬೇಕಾದರೆ ಜಾಕಿ ಕೊಟ್ಟು ಎತ್ತಬೇಕು. ಟ್ರಕ್ಕಾದರೋ ನೆಲದಿಂದ ಎತ್ತರದಲ್ಲಿದೆ. ಮನುಷ್ಯನು ಹಾಗೆಯೇ ಮಲಗಿ ಒಳಕ್ಕೆ ಸರಿಯಬಹುದು. ಮೇಲಾಗಿ ದೊಡ್ಡ ಎಂಜಿನ್ನಿನ ಟ್ರಕ್ಕುಗಳಲ್ಲಿ ಇಂಥ ಡಬ್ಬಿಗಳು ಒಂದಕ್ಕಿಂತ ಹೆಚ್ಚಾಗಿರುವುದೂ ಉಂಟು. ಬ್ಯಾಟರಿಯ ಗರಗಸದಿಂದ ಕೊಳವೆಯನ್ನು ಎರಡು ಕಡೆ ಕೊಯ್ಯಲು ಬೇಕಾಗುವುದು ಒಂದೆರಡು ನಿಮಿಷ. ಕಳ್ಳನಿಗೆ ಗುಜರಿಯವನಿಂದ ದೊರೆಯುವುದು ಸಾಮಾನ್ಯವಾಗಿ 50ರಿಂದ 250 ಡಾಲರು. ಒಡೆಯನು ಹೊಸದಕ್ಕೆ ತೆರಬೇಕಾದುದು 1,000ದಿಂದ 3,000 ಡಾಲರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬಡಗಿಯೋ ತೋಟಗಾರನೋ ಆದವನಿಗೆ ಟ್ರಕ್ಕೇ ಜೀವನೋಪಾಯ; ಅದು ನಿಂತಷ್ಟು ದಿನವೂ ದುಡಿಮೆ ನಿಂತಂತೆಯೇ.

ಈ ಕಳ್ಳತನವನ್ನು ತಡೆಯುವುದು ಹೇಗೆ? ಮೊದಲು ತಿಳಿಯತಕ್ಕದ್ದು, ಇದನ್ನು ಅಸಾಧ್ಯಗೊಳಿಸುವ ಉಪಾಯ ಯಾವುದೂ ಇಲ್ಲವೆಂಬುದು. ಕೊಳವೆಯನ್ನು ಕೊಯ್ಯುವ ಗರಗಸ ಕಾಪಿನ ಕಬ್ಬಿಣವನ್ನೂ ಕೊಯ್ಯಬಲ್ಲದು. ಆದರೆ ಕಳ್ಳನ ಬಂಡವಾಳವೆಲ್ಲ ಆ ಎರಡು ನಿಮಿಷ. ಎರಡನ್ನು ಹತ್ತು ಮಾಡಿದರೆ ಅವನು ಪ್ರಾಯಶಃ ಬೇರೆ ಕಡೆಗೆ ಹೋಗುತ್ತಾನೆ. ರಕ್ಷಣೆಯೆಂದರೆ ಇಲ್ಲಿ ಕಾಲವನ್ನು ಕೊಂಡುಕೊಳ್ಳುವುದು, ಅಷ್ಟೆ.

ಖರ್ಚಿಲ್ಲದ ಉಪಾಯ ಸ್ಥಳದ ಆಯ್ಕೆ. ಬಾಗಿಲುಳ್ಳ ಗ್ಯಾರೇಜಿದ್ದರೆ ಟ್ರಕ್ಕನ್ನು ಅಲ್ಲಿಯೇ ನಿಲ್ಲಿಸಬೇಕು. ಸಾಮಾನುಗಳನ್ನು ಗ್ಯಾರೇಜಿಗೆ ತುಂಬಿ ಟ್ರಕ್ಕನ್ನು ಬೀದಿಗೆ ಬಿಡುವುದು ಜಾಣತನವಲ್ಲ. ಗ್ಯಾರೇಜಿಲ್ಲದವರು ಬೆಳಕಿರುವಲ್ಲಿ, ಮನೆಯ ಕಿಟಕಿಗೆ ಕಾಣುವಂತೆ, ಸಾಧ್ಯವಾದರೆ ಕೊಳವೆಯಿರುವ ಮಗ್ಗುಲು ಗೋಡೆಗೆ ಹತ್ತಿರವಾಗುವಂತೆ ನಿಲ್ಲಿಸಬೇಕು. ಹಲವು ವಾಹನಗಳುಳ್ಳವರು ಎತ್ತರದ ಟ್ರಕ್ಕುಗಳನ್ನು ನಡುವೆ ನಿಲ್ಲಿಸಿ, ತಗ್ಗಾದ ಕಾರುಗಳನ್ನು ಸುತ್ತಲೂ ಕಾವಲಿಡುವುದು ಒಳ್ಳೆಯದು.

ಎರಡನೆಯದು ಕವಚ. ಅಲ್ಯೂಮಿನಿಯಂ ಅಥವಾ ತುಕ್ಕುಹಿಡಿಯದ ಉಕ್ಕಿನ ತಟ್ಟೆಯನ್ನು ಡಬ್ಬಿಯ ಕೆಳಗೆ ಅಡ್ಡಲಾಗಿ, ಸಾಮಾನ್ಯ ಸ್ಪ್ಯಾನರಿಗೆ ಬಗ್ಗದ ತಿರುಪುಗಳಿಂದ ಬಿಗಿಯುತ್ತಾರೆ. ಉಕ್ಕಿನ ಹುರಿಗಳನ್ನೋ ಸರಳುಗಳನ್ನೋ ಪಂಜರದಂತೆ ಹೆಣೆದು ಚಾಸಿಗೆ ಜೋಡಿಸುವುದೂ ಉಂಟು. ಇಲ್ಲೊಂದು ಎಚ್ಚರಿಕೆ: ವಾಹನ ಓಡುವಾಗ ಈ ಡಬ್ಬಿ ನೂರಾರು ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಆದುದರಿಂದ ಗಾಳಿಯಾಡಲು ಕಿಂಡಿಗಳಿರುವ, ಆಯಾ ಮಾದರಿಗೆಂದೇ ತಯಾರಿಸಿದ ಕವಚವನ್ನು, ಕೆಲಸ ಬಲ್ಲ ಮೆಕ್ಯಾನಿಕ್ಕನಿಂದಲೇ ಹಾಕಿಸಬೇಕು.

ಮೂರನೆಯದು ಗುರುತು. ಡಬ್ಬಿಯ ಮೇಲೆ ಸಾಮಾನ್ಯವಾಗಿ ವಾಹನದ ಗುರುತಿನ ಸಂಖ್ಯೆ ಇರುವುದಿಲ್ಲ. ಪೋಲೀಸರು ಕಳ್ಳನ ಬಳಿ ಇಪ್ಪತ್ತು ಡಬ್ಬಿಗಳನ್ನು ಹಿಡಿದರೂ ಅವು ಯಾರವೆಂದು ಸಾಧಿಸುವುದು ಕಷ್ಟ. ಒಡೆಯನಿಲ್ಲದ ಮಾಲಿಗೆ ಮೊಕದ್ದಮೆ ನಿಲ್ಲದು. ಸಂಖ್ಯೆಯನ್ನು ಕೆತ್ತಿಸಿ, ಶಾಖಕ್ಕೆ ಕರಗದ ಕಣ್ಣು ಕುಕ್ಕುವ ಬಣ್ಣ ಬಳಿಸಿದರೆ ಗುಜರಿಯವನೂ ಕೊಳ್ಳಲು ಹಿಂಜರಿಯುತ್ತಾನೆ. ಇನ್ನು ಎಚ್ಚರಿಕೆಯ ಗಂಟೆಯ ಮಾತು. ಬಾಗಿಲು ತೆರೆದಾಗ ಮಾತ್ರ ಕೂಗುವ ಗಂಟೆ ಇಲ್ಲಿ ವ್ಯರ್ಥ, ಏಕೆಂದರೆ ಕಳ್ಳನು ಬಾಗಿಲನ್ನು ಮುಟ್ಟುವುದೇ ಇಲ್ಲ. ವಾಹನದ ಅದುರು ಮತ್ತು ಓರೆಯನ್ನು ಅರಿಯುವಂಥದು ಬೇಕು.

ಕಳವು ನಡೆದೇ ಹೋದರೆ ಟ್ರಕ್ಕನ್ನು ಹಾಗೆಯೇ ಓಡಿಸಬಾರದು. ತುಂಡಾದ ಕೊಳವೆಯ ವಿಷಾನಿಲ ಒಳಗೆ ಸೇರುವ ಅಪಾಯವಿದೆ. ಚಿತ್ರ ತೆಗೆದಿಟ್ಟು, ಪೋಲೀಸರಿಗೂ ವಿಮಾ ಕಂಪೆನಿಗೂ ತಿಳಿಸಬೇಕು. ಅಮೆರಿಕದಲ್ಲಿ ‘ಕಾಂಪ್ರಿಹೆನ್ಸಿವ್’ ವಿಮೆ ಇದ್ದವರಿಗೆ ಮಾತ್ರ ಈ ನಷ್ಟ ದೊರೆಯುತ್ತದೆ. ಎದುರು ಪಕ್ಷದವರ ಹಾನಿಗಷ್ಟೇ ವಿಮೆ ಮಾಡಿಸಿದವರಿಗೆ ಏನೂ ಇಲ್ಲ.

ಆದರೆ ಎಲ್ಲಕ್ಕೂ ಮಿಗಿಲಾದ ಪಾಠ ಬೇರೆಯದೇ ಇದೆ. ಟೆಕ್ಸಾಸ್ ರಾಜ್ಯದ ಹ್ಯಾರಿಸ್ ಕೌಂಟಿಯಲ್ಲಿ ಡ್ಯಾರೆನ್ ಅಲ್ಮೆಂಡಾರಿಜ್ ಎಂಬ ಪೋಲೀಸ್ ಅಧಿಕಾರಿಯಿದ್ದರು. ಅವರ ಸೇವೆ 23 ವರ್ಷಗಳದು; ವಾಹನ ಕಳವಿನ ತನಿಖೆಯೇ ಅವರ ವಿಭಾಗ. 2022ರ ಮಾರ್ಚಿ 31ರಂದು ಅವರು ಕರ್ತವ್ಯದಲ್ಲಿರಲಿಲ್ಲ. ಪತ್ನಿಯೊಡನೆ ದಿನಸಿ ಅಂಗಡಿಗೆ ಬಂದಿದ್ದರು. ಹೊರಬಂದಾಗ ತಮ್ಮದೇ ಟ್ರಕ್ಕಿನ ಡಬ್ಬಿಯನ್ನು ಕಳ್ಳರು ಕೊಯ್ಯುತ್ತಿರುವುದನ್ನು ಕಂಡು ಎದುರಿಸಿದರು. ಗುಂಡುಗಳು ಹಾರಿದವು, ಅಲ್ಮೆಂಡಾರಿಜ್ ಪ್ರಾಣ ಕಳೆದುಕೊಂಡರು. ಆಯುಧವೂ ಅನುಭವವೂ ಇದ್ದವರ ಗತಿಯೇ ಹೀಗಾದ ಮೇಲೆ, ಸಾಮಾನ್ಯ ಗೃಹಸ್ಥನು ನಡುರಾತ್ರಿ ಗರಗಸದ ಸದ್ದು ಕೇಳಿ ಬರಿಗೈಯಲ್ಲಿ ಬೀದಿಗೆ ಧಾವಿಸುವುದು ಶೌರ್ಯವೆನಿಸದು. ಒಳಗಿನಿಂದಲೇ ದೀಪ ಹಾಕಿ, ಪೋಲೀಸರಿಗೆ ಫೋನು ಮಾಡಿ, ಕಳ್ಳರ ವಾಹನದ ಸಂಖ್ಯೆ ಕಂಡರೆ ಬರೆದಿಡುವುದೇ ಸರಿಯಾದ ಮಾರ್ಗ. ಡಬ್ಬಿಗೆ ಬೆಲೆಯಿದೆ, ಮನೆಯ ಯಜಮಾನನಿಗೆ ಬದಲಿ ಬಿಡಿಭಾಗವಿಲ್ಲ.

ಕೊಳ್ಳುವವನಿರುವ ತನಕ ಕದಿಯುವವನಿದ್ದಾನೆ. 2022ರ ನವೆಂಬರಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಕದ್ದ ಡಬ್ಬಿಗಳ ವ್ಯಾಪಾರಜಾಲವೊಂದನ್ನು ಬಯಲಿಗೆಳೆದು 21 ಮಂದಿಯ ಮೇಲೆ ಕ್ರಮ ಕೈಗೊಂಡಿತು. ಮುಟ್ಟುಗೋಲಿಗೆ ಕೇಳಿದ ಮೊತ್ತ 54 ಕೋಟಿ ಡಾಲರಿಗೂ ಮಿಗಿಲು. 2023ರ ಜನವರಿಯಿಂದ ಕ್ಯಾಲಿಫೋರ್ನಿಯದಲ್ಲಿ, ಡಬ್ಬಿ ಯಾವ ವಾಹನದ್ದೆಂಬ ದಾಖಲೆಯನ್ನು ಕೊಳ್ಳುವವನೇ ಇಡಬೇಕೆಂಬ ಕಾನೂನು ಬಂದಿತು. ಅದೇ ವರ್ಷ ಟೆಕ್ಸಾಸ್ ರಾಜ್ಯವು ಈ ಕಳವಿಗೆ ಶಿಕ್ಷೆಯನ್ನು ಹೆಚ್ಚಿಸಿ, ಆ ಕಾನೂನಿಗೆ ಅಲ್ಮೆಂಡಾರಿಜ್‌ರ ಹೆಸರನ್ನೇ ಇಟ್ಟಿತು.

ಇದು ದೂರದೇಶದ ಕಥೆಯೆಂದು ಓದುಗರು ನಿಶ್ಚಿಂತರಾಗಿರುವಂತಿಲ್ಲ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲಿನಿಂದಲೇ ಹೊಸ ಪೆಟ್ರೋಲ್ ಕಾರುಗಳಿಗೆ ಈ ಡಬ್ಬಿ ಕಡ್ಡಾಯವಾಯಿತು. ಈಚಿನ ವರ್ಷಗಳಲ್ಲಿ ಗುಜರಾತ್, ಮಹಾರಾಷ್ಟ್ರಗಳಲ್ಲಿ ಈಕೋ ವ್ಯಾನುಗಳ ‘ಸೈಲೆನ್ಸರ್’ ಕದ್ದವರನ್ನು ಪೋಲೀಸರು ಹಿಡಿದಿದ್ದಾರೆ. ಕಳ್ಳರಿಗೆ ಬೇಕಾದದ್ದು ಅದರೊಳಗಿನ ಇದೇ ಲೋಹ. ಊರಿನ ಉಸಿರು ಕಾಯಲೆಂದು ವಾಹನದಡಿ ಇಟ್ಟದ್ದನ್ನು ಒಡೆಯನೂ ಒಮ್ಮೆ ಬಗ್ಗಿ ನೋಡಿಕೊಳ್ಳುವುದು ಲೇಸು. ದಿಡ್ಡಿಬಾಗಿಲನ್ನು ಮುಚ್ಚುವ ಹೊತ್ತು ಸೂರೆಗೆ ಮುಂಚಿನದು.